ಚೌಕಾಸಿಯಿಂದ ಕುಣಿತಕ್ಕೆ

ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಂದು. ಬಣ್ಣ ಬಂದದ್ದು 1982ರಲ್ಲಿ. ಬಿಳಿ ಫ್ರಾಕಿನ ಹುಡುಗಿ ಗಿರ್ರನೆ ಸುತ್ತುವ ನಿರ್ಮಾ ಜಾಹೀರಾತು ಕಿರುತೆರೆಗೆ ಬಂದದ್ದೂ ಅದೇ ವರ್ಷ. ಅದರಲ್ಲಿ ಕಥೆ ಎಂಬುದಿಲ್ಲ, ಹಾಡಿದೆ. ಅಂಗಡಿಯ ಮುಂದೆ ನಿಂತಾಗ ಹೆಸರು ತಾನಾಗಿ ಬಾಯಿಗೆ ಬರಬೇಕು, ಹಾಡಿಗೆ ವಹಿಸಿದ ಕೆಲಸ ಅಷ್ಟೇ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರ ಆ ಅಗ್ಗದ ಪುಡಿ ಮನೆಮನೆ ಸೇರಿತು. ದುಬಾರಿ ಸರ್ಫ್‌ಗೆ ಕಷ್ಟಕಾಲ ಬಂತು.

ಸರ್ಫ್ ಹಾಡಿಗೆ ಹಾಡಿನಿಂದ ಉತ್ತರ ಕೊಡಲಿಲ್ಲ. ಒಬ್ಬ ಗೃಹಿಣಿಯನ್ನು ಕಳಿಸಿತು. ಅವಳೇ ಲಲಿತಾಜಿ. ಲಿಂಟಾಸ್ ಸಂಸ್ಥೆಯ ಅಲೀಕ್ ಪದಮ್‌ಸೀ ಈ ಪಾತ್ರವನ್ನು ರೂಪಿಸಿದ್ದು ತಮ್ಮ ತಾಯಿಯನ್ನು ನೆನೆದು. ನಟಿಸಿದವರು, 2024ರಲ್ಲಿ ತೀರಿಕೊಂಡ ಕವಿತಾ ಚೌಧರಿ. ಲಲಿತಾಜಿ ತರಕಾರಿಯವನ ಹತ್ತಿರ ಬಿಗಿಯಾಗಿ ಚೌಕಾಸಿ ಮಾಡುತ್ತಾಳೆ. ಇಷ್ಟೆಲ್ಲ ಲೆಕ್ಕಾಚಾರದ ನೀವು ದುಬಾರಿ ಪುಡಿಯನ್ನೇಕೆ ಕೊಳ್ಳುತ್ತೀರಿ ಎಂದು ಒಂದು ಗಂಡು ದನಿ ತೆರೆಯ ಮರೆಯಿಂದ ಕೇಳುತ್ತದೆ. ಯಕ್ಷಗಾನದಲ್ಲಿ ಭಾಗವತರು ವೇಷವನ್ನು ಪ್ರಶ್ನಿಸಿ ಮಾತಾಡಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕ್ರಮ. ಲಲಿತಾಜಿ ನೋಡುಗರತ್ತಲೇ ತಿರುಗಿ, ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಎಂದು ಲೆಕ್ಕ ಒಪ್ಪಿಸುತ್ತಾಳೆ. ಮುಖದಲ್ಲಿ ನಗುವಿಲ್ಲ. ತುಸು ಗದರುವ ಗತ್ತು. ಅವಳ ಲೆಕ್ಕವನ್ನು ಒಪ್ಪಬಹುದು, ಬಿಡಬಹುದು, ಬಚ್ಚಲಮನೆಯಲ್ಲಿ ಒಗೆದು ಪರೀಕ್ಷಿಸಲೂಬಹುದು.

ಇಲ್ಲೊಂದು ತೊಡಕಿತ್ತು. ಇಂಥ ಜಾಹೀರಾತಿನ ಜೀವ ಮಾತಿನಲ್ಲಿದೆ. ಹಿಂದಿಯಲ್ಲಿ ತಯಾರಾದದ್ದಕ್ಕೆ ಕನ್ನಡದ ಮಾತು ಕೂರಿಸಿದರೆ ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು. ಆ ಎಡವಟ್ಟು ಕನ್ನಡದ ನೋಡುಗರಿಗೆ ಚೆನ್ನಾಗಿ ಗೊತ್ತು.

1994ರ ಕ್ಯಾಡ್‌ಬರಿ ಜಾಹೀರಾತಿಗೆ ಆ ತೊಡಕಿಲ್ಲ. ಬ್ಯಾಟ್ಸ್‌ಮನ್ 99 ರನ್ ಗಳಿಸಿದ್ದಾನೆ. ಚೆಂಡು ಗಾಳಿಗೇರಿದೆ, ಕ್ಯಾಚ್ ಹಿಡಿಯಲು ಒಬ್ಬ ಕಾದಿದ್ದಾನೆ. ಗ್ಯಾಲರಿಯಲ್ಲಿ ಕೈಯಲ್ಲಿ ಚಾಕಲೇಟು ಹಿಡಿದ ಹುಡುಗಿಯ ಉಸಿರೇ ನಿಂತಿದೆ. ಚೆಂಡು ಸಿಕ್ಸರ್ ಆಯಿತು! ಕಾವಲುಗಾರನ ಕೈತಪ್ಪಿಸಿ ಮೈದಾನಕ್ಕೆ ನುಗ್ಗಿದ ಹುಡುಗಿ ಕುಣಿಯತೊಡಗಿದಳು. ಹಿನ್ನೆಲೆಯ ಹಾಡಿನ ಭಾಷೆ ತಿಳಿಯದವರಿಗೂ ಕಥೆ ತಿಳಿಯಿತು. ಓಗಿಲ್ವಿಯ ಪೀಯೂಷ್ ಪಾಂಡೆ ಬಳಗದ ಕೆಲಸ ಇದು.

ಆದರೆ ಚಾಕಲೇಟನ್ನು ಏಕೆ ಕೊಳ್ಳಬೇಕು? ಅದಕ್ಕಿಲ್ಲಿ ಕಾರಣ ಕೊಟ್ಟಿಲ್ಲ. ಕಾರಣವೇ ಇಲ್ಲದ ಮೇಲೆ ತಕರಾರು ಎತ್ತುವುದು ಹೇಗೆ? ಲಲಿತಾಜಿಗೆ ಎದುರುತ್ತರ ಕೊಡಬಹುದಿತ್ತು, ಕುಣಿಯುವ ಹುಡುಗಿಗೆ ಏನೆಂದು ಉತ್ತರ ಕೊಡುತ್ತೀರಿ? ಜಾಹೀರಾತು ಕಲೆಯಾಗಿ ಗೆದ್ದದ್ದು ನಿಜ, ಕೊಳ್ಳುವವರ ಕೈಯಿಂದ ಚೌಕಾಸಿಯ ತಕ್ಕಡಿ ಜಾರಿದ್ದೂ ಅಷ್ಟೇ ನಿಜ.

ಇದೇ ಕಥೆ 2021ರಲ್ಲಿ ತಿರುವುಮುರುವಾಗಿ ಮತ್ತೆ ಬಂತು. ಈ ಸಲ ಬ್ಯಾಟು ಹಿಡಿದವಳು ಯುವತಿ. ಗ್ಯಾಲರಿಯಲ್ಲಿ ಉಸಿರು ಬಿಗಿಹಿಡಿದು ಕೂತು, ಸಿಕ್ಸರ್ ಆದೊಡನೆ ಮೈದಾನಕ್ಕೆ ಓಡಿ ಕುಣಿದವನು ಯುವಕ.