ಸೈಕಲ್ ದೀಪ: ಬೆಲೆ ಮತ್ತು ಮೌಲ್ಯ

(ಚಿಂಚೋಳಿ ಗುಡ್ಡಗಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತೊಗರಿಯ ನೆಟೆರೋಗದ ಬಗ್ಗೆ ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬನು ಸೈಕಲ್ಲಿನ ದೀಪವನ್ನು ಕೈಯಲ್ಲಿ ಹಿಡಿದು ನಿಂತಿರುವುದು ನಿಮಗೆ ವಿಚಿತ್ರವಾಗಿ ಕಾಣಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ಚಳಿಗಾಲದ ಒಂದು ಸಂಜೆ ಚಿತ್ತಾಪುರದ ಕಡೆಯಿಂದ ವಾಡಿಗೆ ಸೈಕಲ್ಲಿನಲ್ಲಿ ಹೊರಟಿದ್ದೆ. ಹೊಸ ದೀಪವನ್ನು ಆ ವಾರವಷ್ಟೇ ಕೊಂಡಿದ್ದೆ. ಪೆಟ್ಟಿಗೆಯ ಮೇಲೆ ‘1000 ಲ್ಯುಮೆನ್, 6 ಗಂಟೆ’ ಎಂದು ಅಚ್ಚಾಗಿತ್ತು. ಒಂದು ಗಂಟೆ ತುಂಬುವ ಮೊದಲೇ ಅದು ಆರಿಹೋಯಿತು. ಹಿಂಬದಿಯ ಕೆಂಪು ಪ್ರತಿಫಲಕವು ಧೂಳಿನಿಂದ ಮುಚ್ಚಿತ್ತು. ಹಿಂದಿನಿಂದ ಬಂದ ಲಾರಿ ಕಿರುಗುಟ್ಟುತ್ತಾ ನನ್ನ ಪಕ್ಕದಲ್ಲೇ ನಿಂತಿತು. ಇಳಿದುಬಂದ ಚಾಲಕ ಬಯ್ಯಲಿಲ್ಲ. ನಡುಗುವ ದನಿಯಲ್ಲಿ “ನೀವ್ ಕಂಡೇ ಇಲ್ರಿ ಸರ” ಎಂದಷ್ಟೇ ಹೇಳಿದ. ಆ ಮಾತೇ ಇಂದಿನ ನನ್ನ ಭಾಷಣದ ವಿಷಯ.

ನಮ್ಮ ನೆಲದಡಿಯಲ್ಲಿ ಸುಣ್ಣಕಲ್ಲು ಇದೆ. ಆದುದರಿಂದಲೇ ಶಹಾಬಾದಿನ ಹಾಸುಗಲ್ಲು ಪ್ರಸಿದ್ಧವಾಯಿತು. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕಲ್ಲು ಮತ್ತು ಸಿಮೆಂಟನ್ನು ಹೊತ್ತ ಲಾರಿಗಳು ಓಡಾಡುವ ರಸ್ತೆಯಲ್ಲೇ ಪಾಳಿ ಮುಗಿಸಿದ ಕಾರ್ಮಿಕನೂ, ರಾತ್ರಿ ಕರೆಂಟು ಬಂದಾಗ ಪಂಪು ಹಾಕಲು ಹೊಲಕ್ಕೆ ಹೋಗುವ ರೈತನೂ, ಟ್ಯೂಷನ್ ಮುಗಿಸಿ ಮರಳುವ ಬಾಲಕಿಯೂ ಸೈಕಲ್ ತುಳಿಯುತ್ತಾರೆ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಎಷ್ಟೋ ಬಡಮನೆಗಳಿಗೆ ಮೊದಲ ವಾಹನ ಬಂದಿತು. ಆದರೆ ಸೈಕಲ್ಲಿನ ಜೊತೆಗೆ ಬೆಳಕೂ ಬರಬೇಕೆಂಬ ಮಾತನ್ನು ನಾವು ಯಾರೂ ಗಟ್ಟಿಯಾಗಿ ಆಡಲಿಲ್ಲ.

ಈಗ ಪೆಟ್ಟಿಗೆಯ ಲೆಕ್ಕಕ್ಕೆ ಬರೋಣ. ಇದು ಹೈಸ್ಕೂಲಿನ ಗಣಿತ. ನನ್ನ ದೀಪದ ಬ್ಯಾಟರಿ 3.7 ವೋಲ್ಟ್, 1200 ಮಿಲಿಆಂಪಿಯರ್-ಗಂಟೆಯದು. ಗುಣಿಸಿದರೆ ಸುಮಾರು 4.4 ವ್ಯಾಟ್-ಗಂಟೆಯ ಶಕ್ತಿ. ಇಂಥ ಎಲ್‌ಇಡಿ ದೀಪಗಳು ಒಂದು ವ್ಯಾಟಿಗೆ ಸುಮಾರು 100 ಲ್ಯುಮೆನ್ ಬೆಳಕು ಕೊಡುತ್ತವೆ ಎಂದಿಟ್ಟುಕೊಳ್ಳಿ. ಸಾವಿರ ಲ್ಯುಮೆನ್ನಿಗೆ 10 ವ್ಯಾಟ್ ಬೇಕು. ಆಗ ಬ್ಯಾಟರಿ ಅರ್ಧ ಗಂಟೆಯೂ ಬಾಳದು. ಆರು ಗಂಟೆ ಉರಿಯಬೇಕಾದರೆ ಸುಮಾರು 70 ಲ್ಯುಮೆನ್ ಮಾತ್ರ ಸಾಧ್ಯ. ಸಾವಿರ ಲ್ಯುಮೆನ್ನೂ ಆರು ಗಂಟೆಯೂ ಒಟ್ಟಿಗೆ ಸಿಗಲಾರವು. ಬೀಜದ ಚೀಲದ ಮೇಲಿನ ಇಳುವರಿಯ ಅಂಕಿಯನ್ನು ನಂಬದ ರೈತನು ದೀಪದ ಪೆಟ್ಟಿಗೆಯ ಅಂಕಿಯನ್ನೇಕೆ ನಂಬಬೇಕು?

ಹಾಗಾದರೆ 70 ಲ್ಯುಮೆನ್ ಸಾಲದೇ? ನೆಲದ ಮೇಲೆ ಸರಿಯಾಗಿ ಬಿದ್ದರೆ ಸಾಕು. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ಲು ನಿಲ್ಲಲು ಸುಮಾರು 11 ಮೀಟರು ಬೇಕಾಗುತ್ತದೆ. ಆದುದರಿಂದ 20 ಮೀಟರು ಮುಂದಿನ ಹೊಂಡ ಕಂಡರೆ ನಾವು ಕ್ಷೇಮ. ಹ್ಯಾಂಡಲ್ಲಿನಲ್ಲಿ ಒಂದು ಮೀಟರು ಎತ್ತರದಲ್ಲಿರುವ ದೀಪವನ್ನು 5 ಮೀಟರು ದೂರದ ಗೋಡೆಗೆ ಹಿಡಿಯಿರಿ. ಬೆಳಕಿನ ನಡುಭಾಗವು ದೀಪಕ್ಕಿಂತ 25 ಸೆಂ.ಮೀ. ಕೆಳಗೆ ಬಿದ್ದರೆ ಅದು ರಸ್ತೆಯ ಮೇಲೆ 20 ಮೀಟರು ಮುಂದೆ ನೆಲ ಮುಟ್ಟುತ್ತದೆ. ಎದುರು ಬರುವವನ ಕಣ್ಣಿಗೂ ಕುಕ್ಕುವುದಿಲ್ಲ. ಜರ್ಮನಿಯಲ್ಲಿ ಸೈಕಲ್ ದೀಪಕ್ಕೆ ಕಾನೂನೇ ಇದೆ. 10 ಮೀಟರು ದೂರದಲ್ಲಿ ಕನಿಷ್ಠ 10 ಲಕ್ಸ್ ಬೆಳಕು ಬೀಳಬೇಕು, ಆದರೆ ಎದುರಿನವರಿಗೆ ಕಣ್ಣು ಕತ್ತಲಿಡಬಾರದು.

ಮುಂದಿನ ದೀಪದಿಂದ ನಾವು ಕಾಣುತ್ತೇವೆ. ಹಿಂದಿನ ದೀಪದಿಂದ ಇತರರಿಗೆ ಕಾಣಿಸುತ್ತೇವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ತುಂಬಿದ ಲಾರಿ ನಿಲ್ಲಲು ಸುಮಾರು 60 ಮೀಟರು ಬೇಕು. ತಗ್ಗಿಸಿದ ಹೆಡ್‌ಲೈಟಿನಲ್ಲಿ ಕಪ್ಪು ಅಂಗಿಯ ಸೈಕಲ್ ಸವಾರನು ಚಾಲಕನಿಗೆ ಕಾಣುವುದು ಅದರ ಅರ್ಧದಷ್ಟು ದೂರದಲ್ಲಿ ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಜೀವ ಹೋಗುತ್ತದೆ. ಒಂದು ಸಣ್ಣ ಕೆಂಪು ದೀಪ ನೂರಾರು ಮೀಟರು ದೂರಕ್ಕೆ ಕಾಣುತ್ತದೆ. ಒಂದೇ ದೀಪಕ್ಕೆ ಹಣವಿದ್ದರೆ ಲಾರಿಗಳ ಈ ಹೆದ್ದಾರಿಯಲ್ಲಿ ನಾನು ಹಿಂಬದಿಯ ಕೆಂಪು ದೀಪವನ್ನೇ ಕೊಳ್ಳುವೆನು. ಕೇಂದ್ರ ಸರ್ಕಾರವು 2020ರ ಆದೇಶದಲ್ಲಿ ಸೈಕಲ್ಲಿನ ಪ್ರತಿಫಲಕಗಳಿಗೆ ಗುಣಮಟ್ಟವನ್ನು ನಿಗದಿಪಡಿಸಿದೆ. ಆದರೆ ಧೂಳು ಮುಚ್ಚಿದ ಪ್ರತಿಫಲಕಕ್ಕೆ ಯಾವ ಆದೇಶವೂ ಹೊಳಪು ಕೊಡಲಾರದು. ಅದನ್ನು ನಿತ್ಯವೂ ಒರೆಸಬೇಕು.

ಧೂಳಿನ ಮಾತು ಬಂದುದರಿಂದ ಇನ್ನೊಂದು ಸೂಚನೆ. ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್ 4’ ಎಂದಿದ್ದರೆ ನೀರಿನ ಸಿಂಪಡಿಕೆಯನ್ನು ತಡೆಯುತ್ತದೆ ಎಂದರ್ಥ; ‘ಎಕ್ಸ್’ ಇರುವ ಸ್ಥಾನವು ಧೂಳಿನದು, ಅದರ ಬಗ್ಗೆ ಏನೂ ಹೇಳಿಲ್ಲ ಎಂದರ್ಥ. ವಾಡಿ-ಶಹಾಬಾದಿನವರು ‘ಐಪಿ 65’ರಂತಹ, ಮೊದಲ ಅಂಕಿ 6 ಇರುವ ದೀಪವನ್ನು ಕೇಳಿ ಕೊಳ್ಳಬೇಕು. ಗಾಜನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ; ಮೊದಲು ನೀರಿನಿಂದ ತೊಳೆಯಿರಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಲಿಥಿಯಂ ಬ್ಯಾಟರಿಯನ್ನು ಬಿಸಿಲಿಗೆ ಬಿಡಬೇಡಿ.

ಖರ್ಚಿನ ಭಯ ಬೇಡ. ನನ್ನ ದೀಪದಂಥದ್ದನ್ನು ಒಂದು ಯೂನಿಟ್ ವಿದ್ಯುತ್ತಿನಲ್ಲಿ ನೂರಕ್ಕೂ ಹೆಚ್ಚು ಸಲ ಚಾರ್ಜು ಮಾಡಬಹುದು. ಹಿಂದಿನ 6 ವೋಲ್ಟ್, 3 ವ್ಯಾಟಿನ ಡೈನಮೋವನ್ನೂ ಹೀಗಳೆಯಬೇಡಿ. ಸೈಕಲ್ಲು ನಿಂತರೆ ಅದೂ ಆರುತ್ತಿತ್ತು, ನಿಜ. ಆದರೆ ಕೆಟ್ಟಾಗ ಊರಿನ ಸೈಕಲ್ ಅಂಗಡಿಯಲ್ಲೇ ದುರಸ್ತಿಯಾಗುತ್ತಿತ್ತು, ಬ್ಯಾಟರಿಯ ಕಸ ಉಳಿಸುತ್ತಿರಲಿಲ್ಲ. ಹೊಸದನ್ನು ಕೊಳ್ಳುವಾಗ ಸ್ಕ್ರೂ ಬಿಚ್ಚಿ ಬ್ಯಾಟರಿ ಬದಲಿಸಲು ಬರುವುದೇ ಎಂದು ಕೇಳಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದು. ಅದನ್ನು ತೊಗರಿ ಹೊಲದ ಬದುವಿಗೆ ಎಸೆಯಬೇಡಿ.

ಇಲ್ಲಿಯ ಕಾಡಿನ ಪರವಾಗಿಯೂ ಒಂದು ಮಾತು. 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದಲ್ಲಿ ಕತ್ತೆಕಿರುಬ, ತೋಳ, ಬಾವಲಿಗಳಿಗೆ ಇರುಳೇ ಹಗಲು. ಕೊಂಚಾವರಂ ದಾರಿಯಲ್ಲಿ ಸಾಗುವಾಗ ಬೆಳಕು ನೆಲವನ್ನಷ್ಟೇ ನೋಡಲಿ, ಪೊದೆಗಳೊಳಗೆ ಬಿಡಬೇಡಿ. ಬಿಳಿನೀಲಿಗಿಂತ ಹಳದಿ ಛಾಯೆಯ ದೀಪಕ್ಕೆ ಹುಳುಗಳು ಕಡಿಮೆ ಮುತ್ತುತ್ತವೆ.

ಕೊನೆಯದಾಗಿ, ಸೈಕಲ್ಲಿನ ದೀಪವು ರಸ್ತೆಬದಿಯ ಸುರಕ್ಷಿತ ದಾರಿಗೆ ಬದಲಿಯಲ್ಲ. ಅದನ್ನು ಕೇಳುವ ಹಕ್ಕನ್ನು ನಾವು ಬಿಡಬಾರದು. ಆದರೆ ಆ ದಾರಿ ಬರುವತನಕ ನಮ್ಮ ಮಕ್ಕಳು ಕತ್ತಲಲ್ಲಿ ಕಾಣದವರಾಗಿ ಸಾಗಬಾರದು. ಇಂದು ಮನೆಗೆ ಹೋದೊಡನೆ ಸೈಕಲ್ಲಿನ ಹಿಂಬದಿಯನ್ನೊಮ್ಮೆ ಒರೆಸಿ ನೋಡಿರಿ.