ಮನೆಯ ಮೂಕ ಬಂಧುಗಳ ದುಃಖ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕಡೆಯಿಂದ ಬಂದು ನೆರೆದಿರುವ ತಾವು ಅದನ್ನೇ ನಿರೀಕ್ಷಿಸಿರಬಹುದು. ಆದರೆ ಇಂದು ನಾವು ನುಡಿಯೇ ಇಲ್ಲದವರ ಪರವಾಗಿ ನಾಲ್ಕು ಮಾತುಗಳನ್ನಾಡಲು ನಿಂತಿದ್ದೇವೆ. ಮನೆಯಲ್ಲಿ ಒಬ್ಬರು ತೀರಿಕೊಂಡಾಗ, ಅವರ ಕೈಯ ತುತ್ತುಂಡು ಬೆಳೆದ ನಾಯಿ, ಬೆಕ್ಕು, ಎತ್ತು, ಆಕಳುಗಳ ಪಾಡೇನು ಎಂಬುದೇ ನಮ್ಮ ವಿಷಯ.

ಈ ವಿಷಯವನ್ನು ನಾವು ಮೊದಲು ಕಲಿತುದು ಪುಸ್ತಕದಿಂದಲ್ಲ, ನಮ್ಮ ತಪ್ಪಿನಿಂದ. ಹಲವು ವರ್ಷಗಳ ಹಿಂದೆ, ತೊಗರಿಯ ರಾಶಿಯ ಕಾಲದಲ್ಲಿ, ಪಸ್ತಾಪುರದ ಸುತ್ತಿನ ನಮ್ಮ ಹಳ್ಳಿಯಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಅವರ ಮಂಚದ ಕೆಳಗೆ ಮಲಗುತ್ತಿದ್ದ ನಾಯಿಯೊಂದಿತ್ತು. ಮಂಚವನ್ನು ಹೊರಗೆ ಹಾಕಿದೆವು, ಹಾಸಿಗೆಯನ್ನು ತೆಗೆದೆವು. ನಾಯಿ ಮಾತ್ರ ಬರಿಯ ನೆಲದ ಅದೇ ಜಾಗದಲ್ಲಿ ಮಲಗಿತು. ರೊಟ್ಟಿ ಹಾಕಿದರೆ ಮೂಸಿ ಸುಮ್ಮನಾಗುವುದು. ಹೊತ್ತು ಮುಳುಗುವಾಗ, ತಂದೆಯವರು ಹೊಲದಿಂದ ಬರುತ್ತಿದ್ದ ವೇಳೆಗೆ ಸರಿಯಾಗಿ, ಓಣಿಯ ತಿರುವಿಗೆ ಹೋಗಿ ಕುಳಿತುಕೊಳ್ಳುವುದು. ಮೂರನೆಯ ರಾತ್ರಿ ಅದು ಗೋಳಿಟ್ಟಿತು. ಸಾವಿನ ಮನೆಯಲ್ಲಿ ನಾಯಿ ಅಳುವುದು ಅಪಶಕುನವೆಂದು ಯಾರೋ ಅಂದರು. ನಾವು ಅದನ್ನು ಹೊಡೆದು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದೆವು. ಸಾಲದುದಕ್ಕೆ, ದಿನಕರ್ಮದ ಖರ್ಚಿಗೆಂದು ಜೋಡೆತ್ತುಗಳಲ್ಲಿ ಒಂದನ್ನು ಸಂತೆಯಲ್ಲಿ ಮಾರಿದೆವು. ಉಳಿದ ಎತ್ತು ಕಣಿಕಿಯನ್ನು ಮುಟ್ಟದೆ ರಾತ್ರಿಯೆಲ್ಲ ಕೂಗಿತು. ಅದಕ್ಕೆ ಒಂದೇ ವಾರದಲ್ಲಿ ಒಡೆಯನೂ ಇಲ್ಲ, ಜೊತೆಗಾರನೂ ಇಲ್ಲ.

ಐದನೆಯ ದಿನ ನಾಯಿ ಹಗ್ಗ ಕಡಿದುಕೊಂಡು ಓಡಿತು. ಹುಡುಕುತ್ತ ಹೋದಾಗ ಹೊಲದ ಗುಡಿಸಲಿನಲ್ಲಿ, ತಂದೆಯವರ ಹಳೆಯ ಕಂಬಳಿಯ ಮೇಲೆ ಮಲಗಿತ್ತು. ನಮ್ಮ ಕರೆಗೆ ಏಳಲಿಲ್ಲ. ಕೊನೆಗೆ ನಮ್ಮ ಅವ್ವನೇ ರೊಟ್ಟಿಯ ಗಂಟು ಹಿಡಿದು ಹೋದಳು. ಅವಳೂ ಆ ಐದು ದಿನ ನೆಟ್ಟಗೆ ಉಂಡಿರಲಿಲ್ಲ. ಅದರ ಬಳಿ ಕುಳಿತು, ಒಂದು ತುತ್ತು ಅದಕ್ಕೆ ಇಟ್ಟು, ಒಂದು ತುತ್ತು ತಾನು ತಿಂದಳು. ಅದು ತಿಂದಿತು, ಅವಳೂ ಉಂಡಳು. ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ಬಂಧುಗಳು ಇಷ್ಟು ಮಂದಿ ಸೇರಿ ಮಾಡಲಾರದುದನ್ನು ಆ ಮೂಕಪ್ರಾಣಿ ಮಾಡಿತ್ತು.

ಇದು ನಮ್ಮ ಮನೆಯ ಭ್ರಮೆಯಷ್ಟೇ ಅಲ್ಲವೆ ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಇಟಲಿಯ ವಿದ್ವಾಂಸರು 2022ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಎರಡು ನಾಯಿಗಳಲ್ಲಿ ಒಂದನ್ನು ಕಳೆದುಕೊಂಡ ಮನೆಗಳ 426 ಮಂದಿಯನ್ನು ವಿಚಾರಿಸಲಾಗಿ, ನೂರಕ್ಕೆ 86 ಮಂದಿ ಉಳಿದ ನಾಯಿಯ ನಡತೆ ಕುಗ್ಗಿತೆಂದು ಹೇಳಿದರು. ಆಟ ಕಡಮೆಯಾಯಿತು, ನಿದ್ದೆ ಹೆಚ್ಚಿತು, ಮನೆಯವರನ್ನು ಬಿಟ್ಟಿರದಾಯಿತು. ಸುಮಾರು ಮೂರರಲ್ಲಿ ಒಂದು ನಾಯಿ ಆಹಾರವನ್ನು ಕಡಮೆ ಮಾಡಿತು. ಎಷ್ಟು ಕಾಲ ಜೊತೆಗಿದ್ದವು ಎಂಬುದಕ್ಕಿಂತ ಎಷ್ಟು ಸ್ನೇಹದಿಂದಿದ್ದವು ಎಂಬುದೇ ಮುಖ್ಯವಾಗಿತ್ತು. ಮನೆಯವರ ದುಃಖ ಹೆಚ್ಚಾದಲ್ಲಿ ನಾಯಿಯ ಕಳವಳವೂ ಹೆಚ್ಚಾಗಿ ಕಂಡಿತು. ಇವು ಒಡೆಯರು ಕಂಡು ಹೇಳಿದ ಮಾತುಗಳು, ಅದೂ ನಾಯಿಯ ಸಾವಿನ ವಿಷಯ ಎಂಬುದನ್ನು ಮರೆಯಬಾರದು. ಸಾವೆಂದರೇನೆಂದು ಪ್ರಾಣಿಗೆ ತಿಳಿಯುತ್ತದೆಂದು ನಾವು ಸಾಧಿಸಲು ಹೊರಟಿಲ್ಲ. ಬರಬೇಕಾದವರು ಬರಲಿಲ್ಲ ಎಂಬುದು ಅದಕ್ಕೆ ತಿಳಿಯುತ್ತದೆ. ಇಷ್ಟು ಮಾತ್ರ ನಿಶ್ಚಯ.

ಜಪಾನಿನ ಹಚಿಕೊ ಎಂಬ ನಾಯಿಯ ಹೆಸರನ್ನು ತಾವು ಕೇಳಿರಬಹುದು. ಅದರ ಒಡೆಯರಾದ ಪ್ರಾಧ್ಯಾಪಕ ಉಎನೊ ಅವರು 1925ರ ಮೇ ತಿಂಗಳಲ್ಲಿ ಹಠಾತ್ತನೆ ನಿಧನರಾದರು. ಆ ನಾಯಿ 1935ರ ಮಾರ್ಚಿಯಲ್ಲಿ ತಾನು ಸಾಯುವವರೆಗೂ ಟೋಕಿಯೋದ ಶಿಬುಯಾ ರೈಲು ನಿಲ್ದಾಣಕ್ಕೆ ಬರುತ್ತಿತ್ತು. ಅದು ಬಂದುದು ಅಲ್ಲಿ ಸಿಗುವ ತಿನಿಸಿನಾಸೆಗೆ ಎಂದು ಆಕ್ಷೇಪಿಸಿದವರೂ ಇದ್ದಾರೆ. ಇರಬಹುದು. ಆದರೆ ತುತ್ತು ಮತ್ತು ಪ್ರೀತಿ ಎರಡೂ ಒಂದೇ ಕೈಯಿಂದ ಬರುವಾಗ ಅವನ್ನು ಬಿಡಿಸಿ ತೂಗುವುದು ಹೇಗೆ? ಅನ್ನದ ಋಣವೆಂದು ನಮ್ಮ ಹಿರಿಯರು ಅಂದುದು ಇದನ್ನೇ.

ನಮ್ಮ ಕನ್ನಡಿಗರಿಗಂತೂ ಇದು ಹೊಸ ಮಾತಲ್ಲ. ತಾಂಡೂರಿನ ಬಳಿ ಹರಿಯುವ ಕಾಗಿಣಾ ಹೊಳೆ ಮುಂದೆ ಮಳಖೇಡದ ಕೋಟೆಯನ್ನು ಮುಟ್ಟುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. 949-50ರಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ವೀರಗಲ್ಲು ನಿಂತಿತು. ಅದು ಕಾಳಿ ಎಂಬ ನಾಯಿಯ ಕಲ್ಲು. ಮಣಲೆರನೆಂಬ ವೀರನು, ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಈ ನಾಯಿಯನ್ನೇ ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೊಡನೆ ತಾನೂ ಸತ್ತಿತು. ಮಣಲೆರನು ಅದಕ್ಕಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟನು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿ ಸತ್ತರೆ ಮನುಷ್ಯನು ಕಲ್ಲು ಬರೆಸಬಲ್ಲನು. ಮನುಷ್ಯನು ಸತ್ತರೆ ನಾಯಿ ಏನು ಮಾಡಬಲ್ಲುದು? ಬಾಗಿಲಲ್ಲಿ ಕುಳಿತು ಕಾಯಬಲ್ಲುದು, ಅಷ್ಟೆ.

ಆದುದರಿಂದ ತಮ್ಮಲ್ಲಿ ನಮ್ಮ ಬಿನ್ನಹವಿಷ್ಟು. ಸಾವಿನ ಮನೆಯಲ್ಲಿ ಪ್ರಾಣಿಗೆ ಮೇವು ನೀರುಗಳ ವೇಳೆ ತಪ್ಪದಂತೆ, ಅದಕ್ಕೆ ಪರಿಚಿತರಾದ ಒಬ್ಬರು ಹೊಣೆ ಹೊರಲಿ. ಹೋದವರ ಒಂದು ಬಟ್ಟೆಯನ್ನು ಒಗೆಯದೆ ಅದರ ಬಳಿ ಬಿಡುವುದು ಒಳ್ಳೆಯದು. ನಾಯಿಗೆ ಗುರುತೆಂದರೆ ವಾಸನೆ. ಅದು ಅತ್ತರೆ ಅಪಶಕುನವೆಂದು ಹೊಡೆಯಬಾರದು. ಅತ್ತವರು ನಾವೂ ಅಲ್ಲವೆ? ಕರ್ಮದ ಖರ್ಚಿಗಾಗಿ ಜೋಡಿಯನ್ನು ಅಗಲಿಸಿ ಮಾರಬಾರದು. ಬೆಕ್ಕು ಎರಡು ದಿನ ಏನನ್ನೂ ತಿನ್ನದಿದ್ದರೆ ಅದರ ಯಕೃತ್ತಿಗೆ ಅಪಾಯವುಂಟು. ಕೂಡಲೆ ಪಶುವೈದ್ಯರಿಗೆ ತೋರಿಸಬೇಕು. ನಾಯಿಯಾಗಲಿ ಎತ್ತಾಗಲಿ ಮೇವು ಬಿಟ್ಟು ಮಲಗಿದರೂ ದುಃಖವೆಂದು ಸುಮ್ಮನಿರದೆ ದನದ ದವಾಖಾನೆಗೆ ಒಯ್ಯಬೇಕು. ದುಃಖದ ಮರೆಯಲ್ಲಿ ರೋಗವೂ ಅಡಗಿರಬಹುದು.

ಕಾರಹುಣ್ಣಿಮೆಯಂದು ಎತ್ತಿನ ಕೊಂಬಿಗೆ ಬಣ್ಣ ಬಳಿದು ಪೂಜಿಸುವ ಜನ ನಾವು. ಸಂತೋಷದ ದಿನ ಮನೆಯವರೆಂದು ಎಣಿಸಿದವರನ್ನು ದುಃಖದ ದಿನ ಹೊರಗಿನವರೆಂದು ಎಣಿಸಬಾರದು. ಮಾರಿದ ಎತ್ತನ್ನು ಮರಳಿ ತರಬೇಕೆಂದು ನಾವು ಮುಂದಿನ ಸಂತೆಗೆ ಹೋದೆವು. ಅದು ಕೈ ಬದಲಾಗಿ ದೂರ ಹೋಗಿತ್ತು. ಆ ಕೊರಗು ತಮ್ಮ ಮನೆಗಳಿಗೆ ಬಾರದಿರಲೆಂದೇ ಇಷ್ಟನ್ನು ಹೇಳಿದೆವು.