ಜಿಂಕೆಯ ಮೇವು, ತೋಟದ ಗೊಬ್ಬರ

(ಕಾಫಿ ಬೆಳೆಗಾರರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡಿನಲ್ಲಿ ದನ ಮೇಯಿಸುವುದರಿಂದ ಜಿಂಕೆಗಳಿಗೆ ಮೇವಿಲ್ಲದಾಗುತ್ತಿದೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಮಾತು ಸುಳ್ಳಲ್ಲ. ಮಳೆ ಬಿದ್ದೊಡನೆ ಚಿಗುರುವ ಎಳೆಹುಲ್ಲು ಚುಕ್ಕೆ ಜಿಂಕೆಗೂ ಬೇಕು, ದನಕ್ಕೂ ಬೇಕು. ಬೇಸಿಗೆಯಲ್ಲಿ ಹುಲ್ಲು ಒಣಗಿದ ಮೇಲೆ ಜಿಂಕೆ ಸೊಪ್ಪು, ಉದುರಿದ ಹೂವು, ನೆಲ್ಲಿಕಾಯಿಗಳನ್ನು ತಿಂದು ಕಾಲ ತಳ್ಳುತ್ತದೆ; ದನವೂ ಸೊಪ್ಪಿಗೆ ಬಾಯಿ ಹಾಕುತ್ತದೆ. ಸಂಜೆ ಮನೆಗೆ ಮರಳಿದ ದನಕ್ಕೆ ಒಂದು ಹಿಡಿ ಒಣಹುಲ್ಲಾದರೂ ಸಿಕ್ಕೀತು. ಜಿಂಕೆಗೆ ಕೊಟ್ಟಿಗೆಯಿಲ್ಲ. ಇಷ್ಟು ಸಾಲದೆಂಬಂತೆ ಲಂಟಾನ ಬೇರೆ ಹುಲ್ಲಿನ ನೆಲವನ್ನು ನುಂಗುತ್ತಿದೆ.

ಆದರೆ ಆ ದನ ಕಾಡಿಗೆ ಏಕೆ ಬಂತು ಎಂದು ಕೇಳುವವರು ವಿರಳ. ಬಂಡೀಪುರದ ಅಂಚಿನಲ್ಲಿರುವ ಗುಂಡ್ಲುಪೇಟೆ ಕಡೆಯ ಹಳ್ಳಿಗಳ ಕಥೆ ಕೇಳಿ. ಅಲ್ಲಿನ ಸಗಣಿ ಹಿಂದೆ ಅಲ್ಲಿಯ ಹೊಲಗಳಿಗೇ ಸಲ್ಲುತ್ತಿತ್ತು. 1994ರಲ್ಲಿ ದೂರದ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಕರಕಲಾದವು. ಜಗತ್ತಿನಾದ್ಯಂತ ಕಾಫಿಯ ಬೆಲೆ ಏರಿತು. ಕಾಫಿ ಸೀಮೆಗೆ ಗೊಬ್ಬರ ಬೇಕಾಯಿತು, ಸಗಣಿ ಮಾರಾಟದ ಸರಕಾಯಿತು. ಹಾಲು ಕೊಡದ ದನವನ್ನೂ ಸಗಣಿಗಾಗಿಯೇ ಸಾಕಬಹುದಾಯಿತು. ಮೇಯಿಸಲು ಕಾಡು ಇದ್ದೇ ಇತ್ತು! ಈ ಸಂಬಂಧವನ್ನು ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿವರಿಸಿದ್ದಾರೆ. ದನಗಳ ಸಂಖ್ಯೆ ಇಳಿದಾಗ ಕಾಡಿನ ದೊಡ್ಡ ಮೇವುಣಿಗಳು ಚೇತರಿಸಿಕೊಂಡುದನ್ನು ಅವರು 2004ರಲ್ಲಿಯೇ ತೋರಿಸಿದ್ದರು.

ಅಂದಮೇಲೆ ಜಿಂಕೆಯ ಎದುರಾಳಿ ದನವೊಂದೇ ಅಲ್ಲ, ದನಗಾಹಿಯಂತೂ ಅಲ್ಲವೇ ಅಲ್ಲ. ಕಾಡಿನ ಹುಲ್ಲು ಸಗಣಿಯಾಗಿ, ಲಾರಿಯೇರಿ, ಕಾಫಿ ಗಿಡದ ಬುಡ ಸೇರಿತು. ಕಾಡಿನ ನೆಲಕ್ಕೆ ಮರಳಬೇಕಾದ ಸಾರವೂ ಅದರೊಂದಿಗೇ ಹೋಯಿತು. ಲಾಭದ ದೊಡ್ಡ ಪಾಲು ತೋಟದವರದು. ಬೈಗುಳ ಮಾತ್ರ ಕೋಲು ಹಿಡಿದು ದನದ ಹಿಂದೆ ನಡೆದವನಿಗೆ.

ದನಗಳಿಂದ ಕಾಡಿಗೆ ರೋಗವೂ ದಾಟುತ್ತದೆ. 1968ರಲ್ಲಿ ದೊಡ್ಡರೋಗ ಹಬ್ಬಿ ಬಂಡೀಪುರ, ಮುದುಮಲೆ ಕಾಡುಗಳ ಕಾಟಿಗಳು ಅಪಾರವಾಗಿ ಸತ್ತವು. ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಕಾಲುಬಾಯಿ ರೋಗ ಇನ್ನೂ ಉಳಿದಿದೆ. ಆದ್ದರಿಂದ ಮೇಯಿಸುವಿಕೆಗೆ ಮಿತಿ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗೋಮಾಳಗಳನ್ನು ನಿವೇಶನಗಳಿಗೂ ಸಾಗುವಳಿಗೂ ಹಂಚಿ ಮುಗಿಸಿ, ಒಂದೆರಡು ದನವಿರುವ ಬಡವನಿಗೆ ಕಾಡಿನ ದಾರಿಯನ್ನೂ ಮುಚ್ಚುವುದು ಯಾವ ನ್ಯಾಯ?

ಇಲ್ಲಿ ತೋಟವುಳ್ಳವರು ಬಹಳ ಮಂದಿ ಇದ್ದೀರಿ. ಈ ವರ್ಷ ಗೊಬ್ಬರದ ಲಾರಿ ಬಂದಾಗ, ದನ ಎಲ್ಲಿ ಮೇಯ್ದದ್ದು ಎಂದು ವಿಚಾರಿಸಿ. ವಿದ್ಯಾರ್ಥಿಗಳು ತಮ್ಮ ಊರಿನ ಗೋಮಾಳದ ಸರ್ವೆ ನಂಬರನ್ನು ಪಹಣಿಯಲ್ಲಿ ಹುಡುಕಿ, ಸ್ಥಳಕ್ಕೆ ಹೋಗಿ, ಅಲ್ಲಿ ಈಗ ಏನಿದೆಯೆಂದು ಬರೆದುಕೊಂಡು ಮುಂದಿನ ಸಭೆಗೆ ಬನ್ನಿ.